ಮುಚ್ಚಳದ ಕೆಂಪು ಗೆರೆ

ನಾನು ಓದು ನಿಲ್ಲಿಸಿದ್ದು 1994ರಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೆ. ಆ ವರ್ಷ ನಮ್ಮಪ್ಪನ ಮುಂದಿನ ಹಲ್ಲುಗಳು ಉದುರಿದವು. ಅವರು ಶಿವಾಜಿನಗರದ ಒಂದು ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದವರು. ಹಲ್ಲಿಲ್ಲದ ಬಾಯಲ್ಲಿ ಕ್ಲಾರಿಯೊನೆಟ್ ನಿಲ್ಲುವುದಿಲ್ಲ. ನಲವತ್ತು ತುಂಬುವ ಮೊದಲೇ ಅವರನ್ನು ಮೆರವಣಿಗೆಯಲ್ಲಿ ತಲೆ ಮೇಲೆ ಲೈಟು ಹೊರುವವರ ಸಾಲಿಗೆ ಹಾಕಿದರು. ಮನೆ ನಡೆಯಬೇಕಲ್ಲ, ನನ್ನ ಕೈಗೆ ಟ್ರಂಪೆಟ್ ಬಂತು. ಅಪ್ಪ ಲೈಟು ಹೊತ್ತು ಪಕ್ಕದಲ್ಲಿ ನಡೆಯುತ್ತಿದ್ದರು, ನಾನು ಊದುತ್ತಿದ್ದೆ. ಅವರು ಒಂದು ದಿನವೂ ತಲೆ ತಿರುಗಿಸಿ ನನ್ನ ಕಡೆ ನೋಡಲಿಲ್ಲ. ಲೈಟು ಬೀಳುತ್ತದೆ ಅಂತ ಹೇಳುತ್ತಿದ್ದರು.

ಹಾಗಾಗಿ ಯಾರನ್ನು ನೋಡಿದರೂ ನನ್ನ ಕಣ್ಣು ಮೊದಲು ಹೋಗುವುದು ಅವರ ಹಲ್ಲಿಗೆ. ಮೆಡಿಕಲ್ ಅಕ್ಕನನ್ನು ನೋಡಿದಾಗಲೂ ಹಾಗೇ ಆಯಿತು. ಹಲಸೂರು ಬಜಾರಿನಲ್ಲಿ ಅವರದು ಚಿಕ್ಕ ಔಷಧಿ ಅಂಗಡಿ. ವಯಸ್ಸು ಆಗಲೇ ಅರವತ್ತರ ಹತ್ತಿರ. ತಲೆ ಪೂರ್ತಿ ನೆರೆತಿತ್ತು, ಹಲ್ಲು ಮಾತ್ರ ಎಳೇ ಜೋಳದ ತೆನೆಯ ಹಾಗೆ ಒಂದೇ ಸಮ. ಇಂಥ ಹಲ್ಲು ನನಗಿದ್ದಿದ್ದರೆ ಎಂದು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಇನ್ನೊಂದು ವಿಷಯ ಅವರ ಬಲಗೈ ಹೆಬ್ಬೆರಳು. ಅದರ ಮೇಲೆ ಯಾವಾಗಲೂ ಕೆಂಪು ನೈಲ್ ಪಾಲಿಶಿನ ಕಲೆ. ಉಗುರಿಗೆ ಅವರು ಬಣ್ಣ ಹಚ್ಚಿದವರೇ ಅಲ್ಲ. ಕೌಂಟರಿನ ಮೇಲೆ ಒಂದು ಪುಟ್ಟ ಸೀಸೆ ಇಟ್ಟುಕೊಂಡಿದ್ದರು. ಕೆಮ್ಮಿನ ಸಿರಪ್ಪಾಗಲಿ, ಬಾಯಿ ಮುಕ್ಕಳಿಸುವ ಔಷಧಿಯಾಗಲಿ, ಕೊಡುವ ಮೊದಲು ಮುಚ್ಚಳ ತೆಗೆದು ಎಷ್ಟು ಅಳತೆಯೋ ಅಲ್ಲಿಗೆ ಒಂದು ಕೆಂಪು ಗೆರೆ ಎಳೆದು, ಉಫ್ ಎಂದು ಊದಿ ಒಣಗಿಸಿ ಕೊಡುತ್ತಿದ್ದರು. ಬಾಟಲಿಗೆ ಒಂದು ಬಿಳಿ ಚೀಟಿ ಅಂಟಿಸಿ, ಹೇಗೆ ತೆಗೆದುಕೊಳ್ಳಬೇಕು ಅಂತ ಬರೆಯುತ್ತಿದ್ದರು. ಕನ್ನಡದವರಿಗೆ ಕನ್ನಡದಲ್ಲಿ, ತಮಿಳಿನವರಿಗೆ ತಮಿಳಿನಲ್ಲಿ. ಉರ್ದು ಬರೆಯಲು ಬರುತ್ತಿರಲಿಲ್ಲ, ಉರ್ದುವಿನವರಿಗೆ ಮೂರು ಸಲ ಬಾಯಲ್ಲೇ ಹೇಳಿ, ತಿರುಗಿ ಹೇಳಿಸಿಕೊಂಡು ಕಳಿಸುತ್ತಿದ್ದರು.

ಅವರ ಅಂಗಡಿಗೆ ನಾನು ಹೋಗಲು ಶುರು ಮಾಡಿದ್ದು ಏಳೆಂಟು ವರ್ಷದ ಹಿಂದೆ. ನಾನು ಮೂವತ್ತೆಂಟರ ಹತ್ತಿರ ಇದ್ದೆ. ಒಂದು ಮದುವೆ ಮೆರವಣಿಗೆ ಮುಗಿಸಿ ಟ್ರಂಪೆಟ್ ಒರೆಸುವಾಗ ಮೌತ್‌ಪೀಸಿನ ಅಂಚಿನಲ್ಲಿ ರಕ್ತ ಕಂಡಿತು. ತುಟಿ ಬಿರಿದಿದೆ ಅಂದುಕೊಂಡೆ. ಮಾರನೇ ದಿನವೂ ಕಂಡಿತು. ಹಲ್ಲುಜ್ಜುವಾಗ ಬೇಸಿನ್ನಿನಲ್ಲೂ ಕಂಡಿತು. ಅಪ್ಪನಿಗೂ ಹೀಗೇ ಶುರುವಾಗಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರು ಬೇವಿನ ಕಡ್ಡಿ, ಉಪ್ಪು, ಲವಂಗ ಎಲ್ಲ ಮಾಡಿದ್ದರು. ಡಾಕ್ಟರ ಹತ್ತಿರ ಮಾತ್ರ ಹೋಗಿರಲಿಲ್ಲ. ನಮ್ಮ ವಂಶದಲ್ಲಿ ಹಲ್ಲು ನಲವತ್ತಕ್ಕೆ ಹೋಗುತ್ತದೆ ಅನ್ನುತ್ತಿದ್ದರು, ಏನೋ ಬಸ್ಸು ಡಿಪೋಗೆ ಹೋಗುತ್ತದೆ ಅನ್ನುವ ಹಾಗೆ.

ನಮ್ಮ ಬ್ಯಾಂಡಿನವರಿಗೆ ತಿಳಿಯಬಾರದು, ಅದೇ ನನ್ನ ಮೊದಲ ಯೋಚನೆ. ನಾನು ಫಸ್ಟ್ ಟ್ರಂಪೆಟ್. ಆ ಜಾಗ ಖಾಲಿಯಾಗುವುದನ್ನು ಕಾಯುವವರಿದ್ದರು. ಮಗಳು ಆಗ ಹೈಸ್ಕೂಲಿನಲ್ಲಿದ್ದಳು. ಅಪ್ಪನ ಹಲ್ಲಿನ ಜೊತೆ ನನ್ನ ಓದು ಹೋಯಿತು, ನನ್ನ ಹಲ್ಲಿನ ಜೊತೆ ಅವಳದು ಹೋಗಬಾರದು. ಇದನ್ನು ಯಾರಿಗೂ ಹೇಳಲಿಲ್ಲ. ಶಿವಾಜಿನಗರದಲ್ಲಿ ತೆಗೆದುಕೊಂಡರೆ ಯಾರಾದರೂ ನೋಡುತ್ತಾರೆ ಎಂದು ಹಲಸೂರಿಗೆ ಹೋದೆ.

ಬಾಯಿ ಮುಕ್ಕಳಿಸುವ ಔಷಧಿ ಕೊಡಿ ಅಂದೆ. ಯಾರಿಗೆ ಅಂತ ಕೇಳಿದರು. ನನಗೇ, ಬಾಯಿ ವಾಸನೆ ಅಂದೆ.

"ರಕ್ತ ಬರತ್ತಾ?"

"ಇಲ್ಲಕ್ಕ."

ಅವರು ಸ್ವಲ್ಪ ಹೊತ್ತು ನನ್ನ ತುಟಿಯನ್ನೇ ನೋಡಿದರು. ಟ್ರಂಪೆಟ್ ಊದುವವರ ತುಟಿಯ ಮೇಲೆ ಒಂದು ಉಂಗುರದ ಗುರುತು ಬಿದ್ದಿರುತ್ತದೆ. ಪೀಪಿ ಊದ್ತೀಯಾ ಅಂದರು. ಪೀಪಿ ಅಲ್ಲ ಅಕ್ಕ, ಟ್ರಂಪೆಟ್ ಅಂದೆ. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವುದು ಪೀಪಿ. ಅವರು ನಕ್ಕು ಒಂದು ಬಾಟಲಿ ತೆಗೆದು ಮುಚ್ಚಳಕ್ಕೆ ಕೆಂಪು ಗೆರೆ ಹಾಕಿದರು, ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದರು. ಅದು ನನಗೆ ಚುಚ್ಚಿತು. ಇಂಗ್ಲಿಷ್ ಬಾರದವನು ಅಂತ ಮುಖದಲ್ಲೇ ಬರೆದಿದೆಯೇನೋ ಅನಿಸಿತು. ನನಗೆ ಓದಲು ಬರುತ್ತದೆ ಅಂತ ಸ್ವಲ್ಪ ಬಿಗಿಯಾಗಿಯೇ ಹೇಳಿದೆ.

"ಬರತ್ತೆ ಕಣಪ್ಪ, ಬರಲ್ಲ ಅಂತ ಯಾರಂದ್ರು? ಬಾಟ್ಲಿ ಮೇಲಿನ ಅಕ್ಷರ ಇರುವೆ ಹಂಗಿದೆ, ನಂಗೇ ಕಾಣ್ಸಲ್ಲ. ಅದಕ್ಕೆ ಬರೀತೀನಿ."

ಹದಿನಾಲ್ಕು ದಿನ ಆದ ಮೇಲೆ ಹಲ್ಲಿನ ಡಾಕ್ಟರಿಗೆ ತೋರಿಸು ಅಂತಲೋ ಏನೋ ಹೇಳಿದರು. ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಆ ಚೀಟಿ ಕಿತ್ತುಬಿಟ್ಟೆ. ಬ್ಯಾಂಡಿನ ಹುಡುಗರು ಬಾಟಲಿ ನೋಡಿದರೆ, ಅದರ ಮೇಲೆ ಕನ್ನಡದ ಚೀಟಿ ಇದ್ದರೆ, ಆಡಿಕೊಳ್ಳುತ್ತಾರೆ. ಎಸೆಯಲು ಜಾಗ ಕಾಣದೆ ಟ್ರಂಪೆಟ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ ಮರೆತೆ. ಓದಲಿಲ್ಲ. ಈಗ ಬರೆಯಲು ನಾಚಿಕೆಯಾದರೂ ನಿಜ ಇದೇ.

ಔಷಧಿ ಬಾಯಿಗೆ ಹಾಕಿದರೆ ಖಾರ, ಕಹಿ, ಆಮೇಲೆ ತಂಪು. ಇಷ್ಟು ಖಾರ ಇದೆಯೆಂದರೆ ಗಟ್ಟಿ ಔಷಧಿ ಎಂದು ನಂಬಿಕೆ ಬಂತು. ಒಂದು ವಾರದಲ್ಲಿ ಮೌತ್‌ಪೀಸಿನ ಮೇಲೆ ರಕ್ತ ಕಾಣುವುದು ನಿಂತಿತು. ನಾನು ಗೆದ್ದೆ ಅಂದುಕೊಂಡೆ. ಕೆಲಸದಲ್ಲಿ ನಾನು ಯಾವತ್ತೂ ಕಡಿಮೆ ಮಾಡಿದವನಲ್ಲ, ಎರಡು ಗಂಟೆ ಪ್ರಾಕ್ಟೀಸ್ ಅಂದರೆ ಮೂರು ಗಂಟೆ ಮಾಡುವವನು. ಅದೇ ಲೆಕ್ಕ ಇಲ್ಲಿಗೂ ಹಾಕಿದೆ. ದಿನಕ್ಕೆ ಎರಡು ಸಲ ಇದ್ದದ್ದು ನಾಲ್ಕಾಯಿತು. ಪ್ರೋಗ್ರಾಂ ಇದ್ದ ದಿನ ಐದು, ಆರು. ಹಲ್ಲುಜ್ಜಿದ ಕೂಡಲೇ ಒಂದು ಸಲ. ಊದುವುದಕ್ಕೆ ಮೊದಲು ಒಂದು ಸಲ, ಬೇರೆಯವರು ವ್ಯಾನಿನ ಹಿಂದೆ ಹೋಗಿ ಒಂದು ಗುಟುಕು ಹಾಕಿಕೊಂಡು ಬರುವ ಹೊತ್ತಿಗೆ. ಮುಕ್ಕಳಿಸಿದ ಮೇಲೆ ಖಾರ ಹೋಗಲಿ ಅಂತ ನೀರು. ಹೊಸ ಬಾಟಲಿಗಳ ಚೀಟಿಯನ್ನೂ ಓದದೆ ಕಿತ್ತೆಸೆದೆ, ಕೆಂಪು ಗೆರೆ ನೋಡಲೇ ಇಲ್ಲ, ಮುಚ್ಚಳ ತುಂಬ ಸುರಿದುಕೊಂಡೆ. ಅಕ್ಕ ಪ್ರತಿ ಸಲ ಡಾಕ್ಟರಿಗೆ ತೋರಿಸಿದೆಯಾ ಅಂತ ಕೇಳುತ್ತಿದ್ದರು, ಹೂಂ ಅನ್ನುತ್ತಿದ್ದೆ. ಕೇಳುವುದು ಹೆಚ್ಚಾದ ಮೇಲೆ ಒಂದು ಬಾಟಲಿ ಅವರಲ್ಲಿ, ಒಂದು ಎದುರು ಅಂಗಡಿಯಲ್ಲಿ ತೆಗೆದುಕೊಳ್ಳುವುದಕ್ಕೆ ಶುರು ಮಾಡಿದೆ.

ಹೀಗೆ ಐದಾರು ತಿಂಗಳು. ಅಷ್ಟರಲ್ಲಿ ಮನೆಯಲ್ಲಿ ಜಗಳ ಹತ್ತಿತ್ತು. ಸಾರಿಗೆ ಉಪ್ಪಿಲ್ಲ ಅಂತ ನಾನು, ಇದೆ ಅಂತ ಹೆಂಡತಿ. ಒಂದು ಮಧ್ಯಾಹ್ನ ನಾನು ತಟ್ಟೆಗೆ ಉಪ್ಪು ಸುರಿದುಕೊಳ್ಳುವುದನ್ನು ನೋಡಿ ಮಗಳು ನನ್ನ ತಟ್ಟೆಯಿಂದಲೇ ಒಂದು ತುತ್ತು ತಿಂದು ಥೂ ಎಂದು ಎದ್ದುಹೋದಳು. ನಾಲಗೆಗೆ ರುಚಿ ಗೊತ್ತಾಗುತ್ತಿರಲಿಲ್ಲ. ಹಲ್ಲಿನ ಮೇಲೆ ಕಂದು ಕಲೆ ಬಂದಿತ್ತು, ಎಲೆಅಡಿಕೆ ಹಾಕದವನಿಗೆ ಎಲೆಅಡಿಕೆ ಹಾಕಿದವನ ಬಾಯಿ. ಆಗಲೂ ನನಗೆ ಅನುಮಾನ ಬರಲಿಲ್ಲ, ರಕ್ತ ಇಲ್ಲವಲ್ಲ ಅಂತ. ಆಮೇಲೆ ಒಂದು ಸಂಜೆ ಕೆ.ಆರ್. ಪುರದ ಮದುವೆಯಲ್ಲಿ ಮೇಲಿನ ಸ್ವರ ಹಿಡಿಯಲು ಮೌತ್‌ಪೀಸನ್ನು ಒತ್ತಿದೆ, ಮುಂದಿನ ಹಲ್ಲು ಒಂದು ಒಳಕ್ಕೆ ಸರಿಯಿತು. ಸ್ವರ ಒಡೆಯಿತು. ಡ್ರಮ್ಮಿನ ಸದ್ದಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಅಲ್ಲೇ ಪಕ್ಕದಲ್ಲಿ ಲೈಟು ಹೊತ್ತವರು ನಡೆಯುತ್ತಿದ್ದರು. ಅವರ ಕಡೆ ನಾನು ನೋಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅಕ್ಕನ ಅಂಗಡಿಗೆ ಹೋಗಿ ಎರಡು ಬಾಟಲಿ ಕೇಳಿದೆ.

"ಕೊಡಲ್ಲ."

"ಯಾಕಕ್ಕ, ಸ್ಟಾಕ್ ಇಲ್ವಾ?"

"ಇದೆ. ನಿಂಗೆ ಕೊಡಲ್ಲ."

ನನಗೆ ಸಿಟ್ಟು ಬಂತು. ಬಜಾರಿನಲ್ಲಿ ನಿಮ್ಮದೊಂದೇ ಅಂಗಡಿಯಲ್ಲ ಅಂದೆ.

"ಗೊತ್ತು. ಎದುರು ಅಂಗಡಿಯೋರು ನಿನ್ನೆ ಬಂದು ಕೇಳಿದ್ರು, ಅಲ್ಲಕ್ಕ, ಆ ಬ್ಯಾಂಡ್‌ನೋನು ಅದನ್ನ ಕುಡೀತಾನಾ ಅಂತ." ಆಮೇಲೆ ದನಿ ತಗ್ಗಿಸಿ ಕೇಳಿದರು. "ಅಲ್ಲಾಡ್ತಿದೆಯಾ?"

ನಾಲಗೆ ತುದಿಯಿಂದ ಆ ಹಲ್ಲನ್ನು ಮುಟ್ಟಿ ನೋಡಿಕೊಂಡೆ.

"ಬೆಳಿಗ್ಗೆ ನಾನು ಅಂಗಡಿ ಮುಂದೆ ಏನ್ ಮಾಡ್ತೀನಿ, ನೋಡಿದೀಯಲ್ಲ?"

"ನೀರು ಚಿಮುಕಿಸ್ತೀರ."

"ಆಮೇಲೆ?"

"ಗುಡಿಸ್ತೀರ."

"ನೀನು ಆರು ತಿಂಗಳಿಂದ ಬರೀ ನೀರು ಚಿಮುಕಿಸ್ತಾ ಇದೀಯ ತಮ್ಮ. ಧೂಳು ಏಳ್ತಿಲ್ಲ, ಸರಿ. ಕಸ ಎಲ್ಲಿ ಹೋಗತ್ತೆ? ಒಸಡಿನ ಕೆಳಗೆ ಕೂತಿದೆ. ಕಲ್ಲಾಗಿದೆ. ಅದನ್ನ ಡಾಕ್ಟ್ರೇ ಕೆರೀಬೇಕು. ಈ ಬಾಟ್ಲಿ ಕೈಯಲ್ಲಿ ಆಗಲ್ಲ."

ನಮ್ಮ ಮನೆತನದಲ್ಲೇ ಹಾಗೆ, ನಲವತ್ತಕ್ಕೆ ಹೋಗುತ್ತವೆ, ನಿಮಗೆ ದೇವರು ಒಳ್ಳೇ ಹಲ್ಲು ಕೊಟ್ಟಿದ್ದಾನೆ, ನಿಮಗೆ ಹೇಗೆ ಗೊತ್ತಾಗಬೇಕು, ಅಂತೆಲ್ಲ ಅಂದೆ. ಅಪ್ಪನ ಕಥೆಯನ್ನೂ ಅವತ್ತೇ ಹೇಳಿದ್ದು. ಲೈಟು ಹೊತ್ತದ್ದು, ತಿರುಗಿ ನೋಡದೇ ಇದ್ದದ್ದು. ಅವರು ಪೂರ್ತಿ ಕೇಳಿದರು. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಬೀದಿಗೆ ಬೆನ್ನು ಹಾಕಿ ತಿರುಗಿ, ಒಂದು ಬಿಳಿ ಕಾಗದ ಹರಡಿ, ಬಾಯಿಗೆ ಕೈ ಹಾಕಿ ಮೇಲಿನ ಕಟ್ಟಿಸಿದ ಹಲ್ಲಿನ ಸೆಟ್ಟು ತೆಗೆದು ಅದರ ಮೇಲಿಟ್ಟರು. ಆ ಎಳೇ ಜೋಳದ ತೆನೆ ಕಾಗದದ ಮೇಲಿತ್ತು. ಅವರ ಮುಖ ಒಂದು ಕ್ಷಣದಲ್ಲಿ ನಮ್ಮಪ್ಪನ ಮುಖದ ಹಾಗೆ ಆಯಿತು. ಮತ್ತೆ ಹಾಕಿಕೊಂಡು, ಸರಿಪಡಿಸಿಕೊಂಡು, ನನ್ನ ಕಡೆ ತಿರುಗಿದರು.

"ನಂಗೂ ಮನೆತನ ಅಂತಲೇ ಅಂದ್ಕೊಂಡಿದ್ದೆ. ಬಾಟ್ಲಿ ಕೈಗೆಟುಕೋ ಹಾಗಿತ್ತು. ಡಾಕ್ಟ್ರ ಹತ್ರ ಹೋಗ್ಬೇಕು ಅಂದ್ರೆ ಅಂಗಡಿ ಮುಚ್ಬೇಕಿತ್ತು. ಮುಚ್ಲಿಲ್ಲ."

ಅಷ್ಟು ಹೇಳಿ, ಕೌಂಟರಿನಿಂದ ಹೊರಗೆ ಬಂದು, ಶಟರ್ ಎಳೆದು ಬೀಗ ಹಾಕಿದರು. ಊಟಕ್ಕೂ ಮುಚ್ಚದ ಅಂಗಡಿ ಅದು. ಡಬ್ಬಿ ತೆರೆದು ಎರಡು ತುತ್ತು, ಒಬ್ಬ ಗಿರಾಕಿ, ಮತ್ತೆ ಎರಡು ತುತ್ತು, ಹೀಗೆ ತಿನ್ನುವವರು. ಎದುರು ಅಂಗಡಿಯವರು ಗಾಬರಿಯಾಗಿ, ಯಾರಾದರೂ ತೀರಿಹೋದರಾ ಅಂತ ಕೇಳಿದರು. ಇನ್ನೂ ಇಲ್ಲ, ಅಂದರು ಅಕ್ಕ.

ಎರಡು ಬೀದಿ ಆಚೆ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು. ನಾನು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ, ಅಕ್ಕ ಪಕ್ಕದಲ್ಲಿ ನಿಂತಿದ್ದರು. ಎಷ್ಟು ದಿನದಿಂದ ಈ ಔಷಧಿ ಹಾಕುತ್ತಿದ್ದೀರಿ ಅಂತ ಡಾಕ್ಟರಮ್ಮ ಕೇಳಿದರು. ಆರು ತಿಂಗಳು ಅಂದೆ. ಯಾರು ಕೊಟ್ಟರು ಅಂದರು. ನಾನು ಉತ್ತರ ಕೊಡುವ ಮೊದಲೇ ಅಕ್ಕ ಮಾತಾಡಿದರು.

"ನಾನೇ ಡಾಕ್ಟ್ರೇ. ಅವನದೇನೂ ತಪ್ಪಿಲ್ಲ. ನಾನು ಮೊದಲೇ ಗಟ್ಟಿಯಾಗಿ ಹೇಳ್ಬೇಕಿತ್ತು."

ಡಾಕ್ಟರಮ್ಮ ವಿವರಿಸಿದ್ದು ಇಷ್ಟು. ಈ ಔಷಧಿ ಒಳ್ಳೆಯದೇ. ಮೊದಲು ಕಲ್ಲು ತೆಗೆದು ಸ್ವಚ್ಛ ಮಾಡಿ, ಆಮೇಲೆ ಸ್ವಲ್ಪ ದಿನ ಹಾಕಿದರೆ ಒಸಡು ಮಾಯಲು ಸಹಾಯ. ಬರೀ ಇದನ್ನೇ ನಂಬಿದರೆ ಮೇಲೆ ಚೆನ್ನಾಗಿ ಕಾಣುತ್ತದೆ, ಕೆಳಗೆ ಕಾಯಿಲೆ ಬೆಳೆಯುತ್ತಲೇ ಇರುತ್ತದೆ. ರುಚಿ ಹೋದದ್ದು, ಕಲೆ ಬಂದದ್ದು ಅತಿಯಾಗಿ ಹಾಕಿದ್ದರಿಂದ, ಅವೆರಡೂ ಸರಿಹೋಗುತ್ತವೆ. ಬಲಗಡೆಯ ಮೇಲಿನ ದವಡೆ ಹಲ್ಲು ಒಂದು ಉಳಿಯುವುದಿಲ್ಲ, ಕೀಳಬೇಕು. ಮುಂದಿನ ಎರಡು ಅಲ್ಲಾಡುತ್ತಿವೆ, ಪಕ್ಕದ ಹಲ್ಲುಗಳಿಗೆ ಸೇರಿಸಿ ಒಳಗಿನಿಂದ ಸಣ್ಣ ತಂತಿ ಕಟ್ಟುತ್ತೇನೆ. ನಿಲ್ಲಬಹುದು, ಗ್ಯಾರಂಟಿ ಕೊಡಲ್ಲ. ಮೂರು ವಾರ ಊದುವ ಹಾಗಿಲ್ಲ.

ಮದುವೆ ಸೀಸನ್ನು. ಮೂರು ವಾರ ಅಂದರೆ ನನ್ನ ಜಾಗ ಹೋದ ಹಾಗೇ.

ಎರಡು ಸಲ ಕೂರಿಸಿ ಒಸಡಿನ ಕೆಳಗಿನ ತನಕ ಕೆರೆದು ತೆಗೆದರು, ದವಡೆ ಹಲ್ಲು ಕಿತ್ತರು, ಮುಂದಿನ ಎರಡಕ್ಕೆ ತಂತಿ ಕಟ್ಟಿದರು. ಎರಡನೇ ದಿನ ಮನೆಗೆ ಬಂದು ಟ್ರಂಪೆಟ್ ಪೆಟ್ಟಿಗೆ ತೆರೆದೆ, ಮೂರು ವಾರಕ್ಕೆ ಎಣ್ಣೆ ಹಾಕಿ ಮುಚ್ಚಿಡೋಣ ಅಂತ. ಮುಚ್ಚಳದ ಒಳಗೆ ಆ ಚೀಟಿ ಅಂಟಿಕೊಂಡಿತ್ತು. ಅವತ್ತು ಮೊದಲ ಸಲ ಓದಿದೆ. ದುಂಡು ದುಂಡು ಅಕ್ಷರ.

"ಹಲ್ಲುಜ್ಜಿ ಅರ್ಧ ಗಂಟೆ ಆದ ಮೇಲೆ. ಕೆಂಪು ಗೆರೆ ತನಕ. ಬೆಳಿಗ್ಗೆ ಒಂದು, ರಾತ್ರಿ ಒಂದು. ಅರ್ಧ ನಿಮಿಷ ಮುಕ್ಕಳಿಸಿ ಉಗಿಯಿರಿ, ನುಂಗಬೇಡಿ. ಆ ಮೇಲೆ ಅರ್ಧ ಗಂಟೆ ನೀರು, ಊಟ ಬೇಡ. ಹದಿನಾಲ್ಕು ದಿನ ಸಾಕು. ರಕ್ತ ಬಂದರೆ ಡಾಕ್ಟರಿಗೆ ತೋರಿಸಿ."

ಗಟ್ಟಿಯಾಗಿ ಹೇಳಲಿಲ್ಲ ಅಂತ ತಪ್ಪು ತಮ್ಮ ಮೇಲೆ ಹಾಕಿಕೊಂಡವರು, ಮೊದಲ ದಿನವೇ ಎಲ್ಲ ಬರೆದು ಕೊಟ್ಟಿದ್ದರು. ಏಳನೇ ಕ್ಲಾಸಿನ ತನಕ ಓದಿದ್ದು ಇಷ್ಟನ್ನು ಓದಲು ಧಾರಾಳವಾಗಿ ಸಾಕಾಗಿತ್ತು.

ಆ ಸಲ ಗೆರೆ ನೋಡಿಕೊಂಡು ಹದಿನಾಲ್ಕು ದಿನ ಹಾಕಿದೆ, ಹದಿನೈದನೇ ದಿನ ನಿಲ್ಲಿಸಿದೆ. ಕೆಲಸ ಬಿಟ್ಟು ಕೂರುವವನಲ್ಲ ನಾನು. ನಮ್ಮ ಬ್ಯಾಂಡ್ ಮಾಸ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಮೂರು ವಾರ ತಾಳ ಬಾರಿಸುತ್ತೇನೆ ಅಂದೆ. ಮಾಸ್ಟರು, ಏನೋ, ಅಪ್ಪನ ದಾರಿ ಹಿಡಿದೆಯಾ ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವರು ಅಪ್ಪನ ಜೊತೆ ನುಡಿಸಿದವರು. ಆದರೂ ಕಂಚಿನ ತಾಳ ಹಿಡಿದು ಕೊನೆಯ ಸಾಲಿನಲ್ಲಿ ನಡೆಯುವಾಗ ಮುಂದೆ ಬೇರೆಯವನು ನನ್ನ ಭಾಗ ಊದುವುದನ್ನು ಕೇಳುವುದು ಸುಲಭವಲ್ಲ. ಆಗ ಅಪ್ಪ ನನ್ನ ಕಡೆ ಯಾಕೆ ತಿರುಗಿ ನೋಡಲಿಲ್ಲ ಅನ್ನುವುದು ಗೊತ್ತಾಯಿತು.

ಒಂದು ಸಂಜೆ ಮೆರವಣಿಗೆ ಹಲಸೂರು ಬಜಾರಿನಲ್ಲೇ ಬಂತು. ಅಕ್ಕ ಅಂಗಡಿಯ ಮೆಟ್ಟಿಲಿಗೆ ಬಂದು ನಿಂತಿದ್ದರು. ಮುಂದಿನ ಸಾಲು ನೋಡಿದರು, ನಾನಿಲ್ಲ. ಹಿಂದೆ ಹಿಂದೆ ಹುಡುಕಿ ನನ್ನನ್ನು ಕಂಡ ಕೂಡಲೇ ತೋರುಬೆರಳಿನಿಂದ ತಮ್ಮ ಮುಂದಿನ ಹಲ್ಲಿನ ಮೇಲೆ ಟಕ್ ಟಕ್ ಎಂದು ಎರಡು ಸಲ ಬಡಿದು, ಹುಬ್ಬು ಹಾರಿಸಿದರು. ಹೇಗಿದೆ ಅಂತ. ನಾನು ತಾಳ ಎರಡನ್ನೂ ತಲೆಯ ಮೇಲೆತ್ತಿ ತೋರಿಸಿದೆ. ಲೆಕ್ಕ ತಪ್ಪಿ ಡ್ರಮ್ಮಿನವನ ಹತ್ತಿರ ಬೈಸಿಕೊಂಡೆ.

ಇಪ್ಪತ್ತೆರಡನೇ ದಿನ ಡಾಕ್ಟರಮ್ಮ ಆ ಎರಡು ಹಲ್ಲುಗಳನ್ನು ಬೆರಳಿನಿಂದ ಒತ್ತಿ, ಎಳೆದು, ತಟ್ಟಿ ನೋಡಿದರು. ಪರವಾಗಿಲ್ಲ, ಊದಿ, ಜಾಸ್ತಿ ಒತ್ತಬೇಡಿ ಅಂದರು. ಕ್ಲಿನಿಕ್ಕಿನಿಂದ ಸೀದಾ ಅಕ್ಕನ ಅಂಗಡಿಗೆ ಹೋದೆ, ಪೆಟ್ಟಿಗೆ ಜೊತೆಗೇ ಇತ್ತು. ಇಲ್ಲೇ ಊದು, ಮೊದಲು ನಾನು ಕೇಳ್ಬೇಕು ಅಂದರು. ಮಟಮಟ ಮಧ್ಯಾಹ್ನ, ಮದುವೆಯಿಲ್ಲ ಹಬ್ಬವಿಲ್ಲ, ಔಷಧಿ ಅಂಗಡಿ ಮುಂದೆ ನಿಂತು ಕೆಳಗಿನ ಸ್ವರದಿಂದ ಮೇಲಿನ ತನಕ ಮೆಲ್ಲಗೆ ಹತ್ತಿದೆ. ಹಲ್ಲು ಅಲ್ಲಾಡಲಿಲ್ಲ. ಮೌತ್‌ಪೀಸು ನೋಡಿದೆ, ಸ್ವಚ್ಛವಾಗಿತ್ತು. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

"ಪೀಪಿ ಚೆನ್ನಾಗೇ ಊದ್ತೀಯ."

"ಟ್ರಂಪೆಟ್ ಅಕ್ಕ."

"ಅದೇ ಕಣಪ್ಪ, ಪೀಪಿ."

ಮಾಸ್ಟರು ನನ್ನ ಜಾಗ ನನಗೇ ಕೊಟ್ಟರು. ಅದಾದ ಮೇಲೆ ಆರು ತಿಂಗಳಿಗೊಮ್ಮೆ ಹಲ್ಲು ಕ್ಲೀನು ಮಾಡಿಸುವ ದಿನವನ್ನು ನನಗಿಂತ ಚೆನ್ನಾಗಿ ಅವರು ನೆನಪಿಟ್ಟುಕೊಂಡರು. ಬಾಟಲಿ ಕೇಳಿದರೆ ಡಾಕ್ಟರ ಚೀಟಿ ತೋರಿಸು ಅನ್ನುತ್ತಿದ್ದರು, ಅದರಲ್ಲಿ ನನಗೆ ವಿನಾಯಿತಿ ಇರಲಿಲ್ಲ. ನಮ್ಮ ಬ್ಯಾಂಡಿನ ಒಂಬತ್ತು ಜನರನ್ನು ಒಬ್ಬೊಬ್ಬರಾಗಿ ಡಾಕ್ಟರಮ್ಮನ ಕುರ್ಚಿಗೆ ಕಳಿಸಿದರು, ಅರವತ್ತೈದರ ಮಾಸ್ಟರನ್ನೂ. ಹಲಸೂರಿನಲ್ಲಿ ಯಾವ ಮೆರವಣಿಗೆ ಹೋದರೂ ಅವರು ಮೆಟ್ಟಿಲಿಗೆ ಬಂದು ಹಲ್ಲಿನ ಮೇಲೆ ಎರಡು ಸಲ ಬಡಿಯುವುದು, ನಾನು ಊದುತ್ತಲೇ ಟ್ರಂಪೆಟ್ಟಿನ ಬಾಯಿಯನ್ನು ಅಂಗಡಿ ಕಡೆ ಎತ್ತುವುದು, ಇದು ನಮ್ಮ ನಮ್ಮಲ್ಲಿ ಪದ್ಧತಿಯಾಯಿತು. ಮದುಮಗನ ಕಡೆಯವರು ತಮಗೇ ಸಲಾಮು ಅಂದುಕೊಂಡು ಖುಷಿಪಡುತ್ತಿದ್ದರು.

ಹೋದ ವರ್ಷ ಅವರು ನಾಲ್ಕು ದಿನ ಜ್ವರದಲ್ಲಿ ಮಲಗಿ ಐದನೇ ದಿನ ಹೋದರು. ಅಂಗಡಿ ನೋಡಿಕೊಳ್ಳುವ ಅವರ ಅಣ್ಣನ ಮಗ ನನಗೆ ಫೋನು ಮಾಡಿದ. ಅತ್ತೆ ಮೊದಲೇ ಹೇಳಿಟ್ಟಿದ್ದರಂತೆ, ಬ್ಯಾಂಡ್ ಕರೆಸಿ, ಆದರೆ ಪೀಪಿ ಅವನೇ ಊದಬೇಕು ಅಂತ. ಬೈಯಪ್ಪನಹಳ್ಳಿಯ ನಮ್ಮ ಮನೆಯಲ್ಲಿ ಎದ್ದು ಹಲ್ಲುಜ್ಜಿ, ಯೂನಿಫಾರಂ ಹಾಕಿ, ಬುದ್ಧನ ಪಟದ ಮುಂದೆ ಒಂದು ನಿಮಿಷ ನಿಂತು ಹೊರಟೆ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲು. ಅಕ್ಕನ ಕೊನೆಯ ಮೆರವಣಿಗೆ ಅಂಗಡಿಯ ಮುಂದೆ ಬಂದಾಗ ಶಟರ್ ಅರ್ಧ ಇಳಿದಿತ್ತು. ಯಾರೋ ನೀರು ಚಿಮುಕಿಸಿ ಗುಡಿಸಿದ್ದರು. ಮೆಟ್ಟಿಲ ಕಡೆಗೆ ಟ್ರಂಪೆಟ್ ಎತ್ತಿ ಊದಿದೆ. ಹಿಂದಿನಿಂದ ಒಂಬತ್ತು ಜನವೂ ತಮ್ಮ ತಮ್ಮ ವಾದ್ಯ ಎತ್ತಿದರು, ನಾನು ಹೇಳಿರಲಿಲ್ಲ.

ಈಗಲೂ ಆ ಜಾಗ ಬಂದಾಗ ಎತ್ತುತ್ತೇವೆ.

ನಮ್ಮಪ್ಪನಿಗೆ ನನ್ನ ಈಗಿನ ವಯಸ್ಸಿನಲ್ಲಿ ಬಾಯಲ್ಲಿ ಏನೂ ಉಳಿದಿರಲಿಲ್ಲ. ನನಗೆ ಈಗ ಇರುವುದು ಇಷ್ಟು: ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿರುವ ಮಗಳು ಒಬ್ಬಳು, ಟ್ರಂಪೆಟ್ ಒಂದು, ಪೆಟ್ಟಿಗೆಯೊಳಗೆ ಅಂಟಿದ ಚೀಟಿ ಒಂದು, ಕೆಂಪು ಗೆರೆಯ ಮುಚ್ಚಳ ಒಂದು. ಹಲ್ಲು, ಮೇಲೆ ಹದಿನೈದು, ಕೆಳಗೆ ಹದಿನಾರು, ಒಟ್ಟು ಮೂವತ್ತೊಂದು.